ತಪ್ಪು ಬೇರೆಯವರದು, ಬೈಗುಳ ನನಗೆ: ಮ್ಯಾನೇಜರ್‌ಗೆ ಹೇಗೆ ಉತ್ತರ ಕೊಡಲಿ?

ಪ್ರಶ್ನೆ: ನಾನು ಧಾರವಾಡದವಳು. ಹುಬ್ಬಳ್ಳಿಯಲ್ಲಿ ಪಿವಿಸಿ ಪೈಪ್ ಹೋಲ್‌ಸೇಲ್ ಮಾಡುವ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಗದಗ, ಹಾವೇರಿಯಲ್ಲೂ ನಮ್ಮ ಬ್ರಾಂಚ್ ಇವೆ. ಎಲ್ಲ ಸೇರಿಸಿ ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, ಅಂದರೆ ಹಿಂದಿನ ತಿಂಗಳ ಮಾರಾಟದ ಬಿಲ್‌ಗಳ ರಿಟರ್ನ್, ಹಾಕಬೇಕು. ಹೋದ ತಿಂಗಳು ಗದಗಿನ ಬಿಲ್‌ಗಳು 12ರ ಸಂಜೆವರೆಗೂ ಬರಲಿಲ್ಲ. 5ಕ್ಕೆ, ಮತ್ತೆ 8ಕ್ಕೆ ವಾಟ್ಸಾಪ್‌ನಲ್ಲಿ ಕೇಳಿದ್ದೆ. ಮ್ಯಾನೇಜರ್ ಸರ್‌ಗೂ ಹೇಳಿದ್ದೆ. “ಒಂದ್ ದಿನ ತಡೀರಿ, ಬರ್ತಾವ” ಅಂದಿದ್ದರು. ಕೊನೆಗೆ 13ಕ್ಕೆ ಫೈಲ್ ಮಾಡಿದೆ. 16ಕ್ಕೆ ಅವರು ಕೌಂಟರ್ ಹತ್ತಿರ ನಿಂತು, ಸೇಲ್ಸ್ ಹುಡುಗರು, ಹಮಾಲರು, ಇಬ್ಬರು ಗಿರಾಕಿಗಳ ಮುಂದೆ, “ನಿಮಗ ಪಗಾರ ಕೊಡೋದು ಕುರ್ಚಿ ಬಿಸಿ ಮಾಡಾಕೇನ್ರೀ? ನಿಮ್ಮಿಂದ ಪಾರ್ಟಿ ಕೈಬಿಟ್ಟು ಹೊಂಟಾರ” ಅಂದರು. ನಷ್ಟ ಆದರೆ ಪಗಾರದಲ್ಲಿ ಹಿಡಿಯುತ್ತೇನೆ ಅಂತಲೂ ಅಂದರು. ನಾನು ಒಂದು ಮಾತೂ ಆಡಲಿಲ್ಲ. ಚಿಗರಿ ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಕಣ್ಣೀರು ನಿಲ್ಲಲಿಲ್ಲ. ಯಜಮಾನರು ಕೆಲಸ ಬಿಟ್ಟುಬಿಡು ಅಂತಾರೆ. ಅವ್ವ, ದೊಡ್ಡವರು ಅಂದ್ರೆ ಅನ್ನಲಿ, ತಡ್ಕೋ ಅಂತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವು ಒಟ್ಟಿಗೆ ಸೇರಿವೆ. ಬೇರೆಯವರ ತಪ್ಪು ನಿಮ್ಮ ತಲೆಗೆ ಬಂತು, ಅದು ಒಂದು. ಅದೂ ಎಲ್ಲರ ಮುಂದೆ ಬಂತು, ಇದು ಇನ್ನೊಂದು. ಇವೆರಡಕ್ಕೂ ಉತ್ತರ ಬೇರೆ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಹೋದರೆ, ಮ್ಯಾನೇಜರ್ ಕಿವಿಗೆ “ಇವರಿಗೆ ಬೇಜಾರಾಗಿದೆ” ಅನ್ನುವುದಷ್ಟೇ ಬೀಳುತ್ತದೆ. ಗದಗಿನ ಬಿಲ್ ಯಾವತ್ತು ಬಂತು ಅನ್ನುವುದು ಬೀಳುವುದಿಲ್ಲ. ಹಾಗಾಗಿ ಮೊದಲು ತಾರೀಖುಗಳ ಮಾತು, ಆಮೇಲೆ ಮರ್ಯಾದೆಯ ಮಾತು. ಎರಡೂ ಆಡಲೇಬೇಕು. ತಡ್ಕೋ ಅನ್ನುವ ನಿಮ್ಮ ಅವ್ವನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇವತ್ತೇ ಬಿಟ್ಟುಬಿಡು ಅನ್ನುವ ಯಜಮಾನರ ಮಾತನ್ನೂ ಒಪ್ಪುವುದಿಲ್ಲ.

ಅವತ್ತು ಮಾತಾಡಲಿಲ್ಲ ಅಂತ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಗಿರಾಕಿಗಳು ನಿಂತಿರುವಾಗ ಯಾವ ಮ್ಯಾನೇಜರೂ ತನ್ನ ಮಾತು ವಾಪಸ್ ತಗೊಳ್ಳುವುದಿಲ್ಲ. ನೀವು ಅಲ್ಲೇ ಮೊಬೈಲ್ ತೆಗೆದು ಮೆಸೇಜ್ ತೋರಿಸಿದ್ದರೆ ಅವರು ಇನ್ನೂ ಜಾಸ್ತಿ ಕೂಗುತ್ತಿದ್ದರು. ಹಮಾಲರ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಕೂಗುವುದೇ ಅವರಿಗೆ ಸಲೀಸು. ಅಲ್ಲಿ ವಾದ ಗೆದ್ದರೂ ಕೆಲಸದಲ್ಲಿ ನೀವು ಸೋಲುತ್ತಿದ್ದಿರಿ.

ಹಾಗಂತ ಪೂರ್ತಿ ಮೌನವೂ ಒಳ್ಳೆಯದಲ್ಲ. ಅಲ್ಲಿದ್ದವರು, “ಏನೂ ಅನ್ನಲಿಲ್ಲ ನೋಡು, ತಪ್ಪು ಇವರದೇ ಇರಬೇಕು” ಅಂದುಕೊಂಡು ಹೋಗುತ್ತಾರೆ. ಜಗಳಕ್ಕೂ ಮೌನಕ್ಕೂ ನಡುವೆ ಒಂದು ಸಣ್ಣ ಮಾತು ಇದೆ. “ಸರ್, ಇದರದು ತಾರೀಖು ಎಲ್ಲಾ ನನ್ನ ಕಡೆ ಅದಾವ. ಒಳಗ ಕುಂತು ತೋರಸ್ತೇನ್ರೀ.” ಇಷ್ಟೇ. ಇದರಲ್ಲಿ ಕ್ಷಮೆಯೂ ಇಲ್ಲ, ಎದುರುತ್ತರವೂ ಇಲ್ಲ. ಕೇಳಿದವರಿಗೆಲ್ಲ, ಈ ವಿಷಯಕ್ಕೆ ಇನ್ನೊಂದು ಕಡೆಯೂ ಇದೆ ಅಂತ ಗೊತ್ತಾಗುತ್ತದೆ. ಇದನ್ನು ಹೇಳಿ ನಿಮ್ಮ ಕುರ್ಚಿಗೆ ಹೋಗಿ ಕೂತುಬಿಡಿ. ಮನೆಯಲ್ಲಿ ಬಾಯಿಬಿಟ್ಟು ನಾಲ್ಕು ಸಲ ಹೇಳಿ ನೋಡಿ. ಸುಮ್ನೆ ಹೇಳುತ್ತಿಲ್ಲ. ಬೈಸಿಕೊಳ್ಳುವಾಗ ಎದೆ ಹೊಡೆದುಕೊಳ್ಳುತ್ತದೆ, ಹೊಸ ಮಾತು ಬಾಯಿಗೆ ಬರುವುದಿಲ್ಲ. ರೂಢಿಯಾದ ಮಾತು ತಾನಾಗಿ ಬರುತ್ತದೆ.

ಈಗ ಆ ಸಿಟ್ಟು ಎಲ್ಲಿಂದ ಬಂತು ನೋಡೋಣ. ಇದು ಅವರ ಪರವಾದ ವಕಾಲತ್ತು ಅಲ್ಲ. ಅವರ ಮೇಲೆ ಏನು ಬಿದ್ದಿದೆ ಅಂತ ಗೊತ್ತಿಲ್ಲದೆ ಮಾತಿಗೆ ಕೂತರೆ, ನೀವು ಒಂದು ವಿಷಯ ಹೇಳುತ್ತೀರಿ, ಅವರು ಇನ್ನೊಂದು ಕೇಳಿಸಿಕೊಳ್ಳುತ್ತಾರೆ.

ನೀವು 13ಕ್ಕೆ ಫೈಲ್ ಮಾಡಿದಿರಿ. ನಿಮ್ಮಿಂದ ಮಾಲು ಕೊಳ್ಳುವ ಪಾರ್ಟಿಯ 2ಬಿ, ಅಂದರೆ ಅವರ ಖರೀದಿಗೆ ಎಷ್ಟು ಕ್ರೆಡಿಟ್ ಇದೆ ಅಂತ ತೋರಿಸುವ ಜಿಎಸ್‌ಟಿ ಪಟ್ಟಿ, ತಯಾರಾಗುವುದು 14ಕ್ಕೆ. ಅದಕ್ಕೂ ಮೊದಲೇ ಹಾಕಿದೆವಲ್ಲ ಅಂತ ನಿಮಗೆ ಅನ್ನಿಸಿರಬಹುದು. ಆದರೆ 11 ದಾಟಿದ ಮೇಲೆ ಹಾಕಿದ ಜಿಎಸ್‌ಟಿಆರ್-1ರ ಬಿಲ್‌ಗಳು ಮುಂದಿನ ತಿಂಗಳ 2ಬಿಗೆ ಹೋಗುತ್ತವೆ. 2022ರ ಜನವರಿ 1ರಿಂದ 2ಬಿಯಲ್ಲಿ ಕಾಣದ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ಟ್ಯಾಕ್ಸನ್ನು ತಾವು ಕಟ್ಟಬೇಕಾದ ಟ್ಯಾಕ್ಸಿನಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ನಿಮ್ಮ ಹತ್ತಿರ 5 ಲಕ್ಷದ ಪೈಪ್ ಒಯ್ದ ಒಂದು ಅಂಗಡಿಯನ್ನೇ ತಗೊಳ್ಳಿ. 18 ಪರ್ಸೆಂಟ್ ಅಂದರೆ ಬಿಲ್ಲಿನಲ್ಲಿ 90 ಸಾವಿರ ರೂಪಾಯಿ ಟ್ಯಾಕ್ಸ್. ಆ 90 ಸಾವಿರವನ್ನು ಅವರು ಈ ತಿಂಗಳು ಮುರಿದುಕೊಳ್ಳಲು ಬರುವುದಿಲ್ಲ. 20ಕ್ಕೆ 3ಬಿ, ಅಂದರೆ ಟ್ಯಾಕ್ಸ್ ಕಟ್ಟುವ ರಿಟರ್ನ್, ಹಾಕುವಾಗ ಅಷ್ಟನ್ನೂ ಕೈಯಿಂದ ಕಟ್ಟಬೇಕು. ಮುಂದಿನ ತಿಂಗಳು ಕ್ರೆಡಿಟ್ ಸಿಗುತ್ತದೆ, ನಿಜ. ಆದರೆ ಸಣ್ಣ ಅಂಗಡಿಯವನಿಗೆ ಒಂದು ತಿಂಗಳು 90 ಸಾವಿರ ಸಿಕ್ಕಿಬಿದ್ದರೆ ಆ ತಿಂಗಳ ಮಾಲು ತರುವುದೇ ಕಷ್ಟ. ಇನ್ನೂ ಒಂದು ವಿಷಯ. ಮೂರೂ ಊರಿನದು ಒಂದೇ ಜಿಎಸ್‌ಟಿ ನಂಬರ್, ಒಂದೇ ರಿಟರ್ನ್. ಅಂದರೆ ಗದಗಿನ ಬಿಲ್‌ಗಾಗಿ ಕಾದದ್ದರಿಂದ ಹುಬ್ಬಳ್ಳಿ, ಹಾವೇರಿಯ ಪಾರ್ಟಿಗಳ ಕ್ರೆಡಿಟ್ ಕೂಡ ಒಂದು ತಿಂಗಳು ಮುಂದೆ ಹೋಯಿತು.

15, 16ನೇ ತಾರೀಖು ಪಾರ್ಟಿಗಳ ಸಿಎಗಳು 2ಬಿ ತೆಗೆದು ನೋಡಿರುತ್ತಾರೆ. “ನಿಮ್ಮ ಬಿಲ್ ಕಾಣವಲ್ದು, ಪೇಮೆಂಟ್ ನಿಲ್ಲಿಸೇವಿ” ಅಂತ ಫೋನ್ ಬಂದಿರುತ್ತದೆ. ಆ ಫೋನ್ ನಿಮಗೆ ಬರುವುದಿಲ್ಲ. ಮಾಲೀಕರಿಗೆ ಬರುತ್ತದೆ. ಮಾಲೀಕರು ಮ್ಯಾನೇಜರನ್ನು ಕೇಳುತ್ತಾರೆ. ಮ್ಯಾನೇಜರ್ ಕೌಂಟರ್‌ಗೆ ಬಂದಾಗ ನೀವು ಕಣ್ಣಿಗೆ ಬಿದ್ದಿರಿ, ಗದಗಿನ ಬ್ರಾಂಚಿನವರು 60 ಕಿಲೋಮೀಟರ್ ಆಚೆ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಹೀಗೆಯೇ. ಅವರು ಕೂಗಿದ್ದು ತಪ್ಪು. ಆದರೆ ಕೂಗಿಸಿದ ಭಯ ಸುಳ್ಳಲ್ಲ. ನಾಳೆ ಅವರ ಎದುರು ಕೂತಾಗ ನೀವು ಆ ಭಯಕ್ಕೆ ಉತ್ತರ ಕೊಟ್ಟರೆ ಅವರ ಕಿವಿ ತೆರೆಯುತ್ತದೆ.

ಇನ್ನು ಸ್ವಲ್ಪ ಕಹಿಯಾದ ಮಾತು. ಅನ್ಯಾಯದ ಟೀಕೆಯಲ್ಲೂ ಎಲ್ಲೋ ಒಂದು ಚೂರು ನಿಜ ಇದ್ದರೆ, ಅದನ್ನು ಅವರಿಗಿಂತ ಮೊದಲು ನೀವೇ ಹುಡುಕಬೇಕು. ನಿಮ್ಮ ವಿಷಯದಲ್ಲಿ ಅದು 10ನೇ ತಾರೀಖು. 5ಕ್ಕೆ ಕೇಳಿದಿರಿ, 8ಕ್ಕೆ ಕೇಳಿದಿರಿ. ಸಾಹೇಬರು ತಡೀರಿ ಅಂದರು, ತಡೆದಿರಿ. ಆದರೆ 10ರ ಸಂಜೆ, “ಸರ್, ನಾಳೆ ಕಡೇ ದಿನ. ಗದಗಿಂದು ಬಂದಿಲ್ಲ. ಇದ್ದಷ್ಟು ಹಾಕೋದೋ, ಕಾಯೋದೋ? 11 ದಾಟಿದ್ರ ಎಲ್ಲಾ ಪಾರ್ಟಿದೂ ಮುಂದಿನ ತಿಂಗಳಿಗೆ ಹೋಗ್ತೈತಿ” ಅಂತ ಬರೆದು ಕೇಳಲಿಲ್ಲ. ಬಿಟ್ಟುಹೋದ ಬಿಲ್‌ಗಳನ್ನು ಮುಂದಿನ ರಿಟರ್ನಿನಲ್ಲಿ ತೋರಿಸುವ ದಾರಿ ಇದೆ. ಯಾವುದು ಸರಿ ಅನ್ನುವುದು ನಿಮ್ಮ ಸಿಎ ಜೊತೆ ಮಾತಾಡಿ ಮ್ಯಾನೇಜರ್ ತೀರ್ಮಾನಿಸಬೇಕಾದ ವಿಷಯ. ತೀರ್ಮಾನ ಅವರದು. ಆದರೆ ಪ್ರಶ್ನೆಯನ್ನು ಅವರ ಮುಂದೆ ಇಡುವುದು ಅಕೌಂಟ್ಸ್ ಕುರ್ಚಿಯ ಕೆಲಸ. ಇದನ್ನು ಓದಿ ನಿಮಗೆ ಬೇಜಾರಾಗಬಹುದು. ನಾನು ನಿಮ್ಮನ್ನು ದೂರುತ್ತಿಲ್ಲ. ಈ ಒಂದು ಮಾತನ್ನು ನೀವೇ ಮೊದಲು ಹೇಳಿದರೆ ಉಳಿದ ಎಲ್ಲ ಮಾತಿಗೂ ತೂಕ ಬರುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ಬಾಯಿಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. “ತಡೀರಿ ಅಂತ ನೀವೇ ಅಂದಿದ್ರಲ್ಲ” ಅಂದರೆ, “ನಾ ಯಾವಾಗ ಅಂದೆ?” ಅನ್ನುವ ಸಾಧ್ಯತೆ ತುಂಬಾ ಇದೆ. ಸುಳ್ಳು ಹೇಳಬೇಕು ಅಂತಲೇ ಅಲ್ಲ. ದಿನಕ್ಕೆ ನೂರು ಜನಕ್ಕೆ ಏನೇನೋ ಹೇಳುವ ಮನುಷ್ಯನಿಗೆ ಬಾಗಿಲಲ್ಲಿ ನಿಂತು ಹೇಳಿದ ಎರಡು ಪದ ನೆನಪಿರುವುದಿಲ್ಲ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಬಹಳ ಇವೆಯಲ್ಲ, ಅಲ್ಲಿ ಕೆಲಸ ಮಾಡುವವರು ಈ ಪಾಠ ಚೆನ್ನಾಗಿ ಕಲಿತಿರುತ್ತಾರೆ. ಲಗ್ನಪತ್ರಿಕೆ ಪ್ರಿಂಟ್ ಆದ ಮೇಲೆ ವರನ ಅಜ್ಜನ ಹೆಸರು ತಪ್ಪಾಗಿದೆ ಅಂತ ಗಿರಾಕಿ ಕೂಗುತ್ತಾನೆ. ಮಾಲೀಕರು ಡಿಟಿಪಿ ಮಾಡಿದ ಹುಡುಗಿಯನ್ನು ಕರೆದು ಬೈಯುತ್ತಾರೆ. ಪ್ರೂಫ್ ಮೇಲೆ ಗಿರಾಕಿಯ ಸಹಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವಳು ಬಾಯಿ ತೆರೆಯುವುದೇ ಬೇಕಿಲ್ಲ. ಸಹಿ ಇಲ್ಲದಿದ್ದರೆ ಅವಳು ಎಷ್ಟೇ ಹೇಳಲಿ, ಅಷ್ಟೂ ನೆಪದ ಹಾಗೆ ಕೇಳಿಸುತ್ತದೆ. ಬಾಯಿಮಾತಿನಲ್ಲಿ ಬಂದ ಸೂಚನೆಯನ್ನು ಅವತ್ತೇ ಒಂದು ಸಾಲಿನ ಮೆಸೇಜ್ ಮಾಡಿ ವಾಪಸ್ ಕಳಿಸುವುದನ್ನು ರೂಢಿ ಮಾಡಿಕೊಳ್ಳಿ. “ಸರ್, ನೀವು ಹೇಳಿದಂತೆ ಗದಗಿನ ಬಿಲ್ ಬರುವವರೆಗೆ ಫೈಲಿಂಗ್ ತಡೆದಿದ್ದೇನೆ.” ಇದರಲ್ಲಿ ದೂರು ಇಲ್ಲ. ಸಾಕ್ಷಿ ಮಾಡಿಕೊಳ್ಳುತ್ತಿದ್ದಾರೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಬೇಕಾದಾಗ ಇದು ಕೈಗೆ ಸಿಗುತ್ತದೆ.

ಮಾತಿಗೆ ಕೂರುವ ಮೊದಲು ಒಂದು ಹಾಳೆ ತಯಾರು ಮಾಡಿ. ಒಂದೇ ಹಾಳೆ. ಎಡಗಡೆ ತಾರೀಖು, ಬಲಗಡೆ ಏನಾಯಿತು. 5: ಗದಗಿನ ಬ್ರಾಂಚಿಗೆ ಮೆಸೇಜ್. 8: ಮತ್ತೆ ಮೆಸೇಜ್. ಅದಾದ ಮೇಲೆ ಸಾಹೇಬರಿಗೆ ಹೇಳಿದ್ದು, ಅವರು ತಡೆಯಿರಿ ಅಂದದ್ದು. 12 ಸಂಜೆ: ಟ್ಯಾಲಿ ಡೇಟಾ ಬಂತು. 13: ಫೈಲ್ ಆಯಿತು. ‘ಬೇಜವಾಬ್ದಾರಿ’, ‘ಯಾವಾಗಲೂ’, ‘ಬೇಕಂತಲೇ’ ಇಂಥ ಮಾತು ಆ ಹಾಳೆಯಲ್ಲಿ ಒಂದೂ ಇರಬಾರದು. ಗದಗಿನ ಹುಡುಗನ ಹೆಸರೂ ಬೇಡ, ‘ಗದಗ ಬ್ರಾಂಚ್’ ಅಂದರೆ ಸಾಕು. ನಿಮ್ಮ ಮೇಲೆ ಬಂದದ್ದನ್ನು ಅವನ ಮೇಲೆ ಹಾಕಿದರೆ ನಾಳೆ ಅವನೂ ನಿಮ್ಮ ಹಾಗೆಯೇ ಅಳುತ್ತಾನೆ. ಅವನಿಗೂ ಅಲ್ಲಿ ಬಿಲ್ಲಿಂಗ್, ಸ್ಟಾಕ್, ಲೋಡಿಂಗ್ ಎಲ್ಲ ಒಬ್ಬನೇ ನೋಡುವ ಪರಿಸ್ಥಿತಿ ಇರಬಹುದು.

ಯಾವಾಗ ಮಾತಾಡಬೇಕು? ಬೈಸಿಕೊಂಡ ದಿನ ಬೇಡ. ಒಂದು ತಿಂಗಳು ಬಿಟ್ಟೂ ಬೇಡ, ಅಷ್ಟೊತ್ತಿಗೆ ಅವರು ಮರೆತಿರುತ್ತಾರೆ, ನೀವು ಮಾತ್ರ ನೆನಪಿಟ್ಟುಕೊಂಡು ಕುದಿಯುತ್ತಿರುತ್ತೀರಿ. ಎರಡು ಮೂರು ದಿನದೊಳಗೆ ಆಗಬೇಕು. ನಿಮಗೆ ಆ ದಿನಗಳು ಆಗಲೇ ದಾಟಿದ್ದರೆ ಚಿಂತೆಯಿಲ್ಲ, ಮುಂದಿನ 5ನೇ ತಾರೀಖು ಬರುವ ಮೊದಲು ಮುಗಿಸಿ. ಸೋಮವಾರ ಬೆಳಿಗ್ಗೆ ಬೇಡ, ವಸೂಲಿಯ ಗಡಿಬಿಡಿ ಇರುತ್ತದೆ. 3ಬಿ ಹಾಕುವ 19, 20 ಬೇಡ. ಹೋಲ್‌ಸೇಲ್ ಅಂಗಡಿಗಳಲ್ಲಿ ಮಧ್ಯಾಹ್ನ ಊಟ ಆಗಿ, ಲಾರಿ ಲೋಡಿಂಗ್ ಶುರುವಾಗುವ ಮೊದಲು ಸ್ವಲ್ಪ ಹೊತ್ತು ಎಲ್ಲರೂ ಆರಾಮ ಇರುತ್ತಾರೆ. ಆಗ ಕೇಳಿ. “ಸರ್, ಐದು ಮಿನಿಟ್ ಬೇಕಾಗಿತ್ರೀ. ಜಿಎಸ್‌ಟಿ ವಿಷಯ.” ‘ನನ್ನ ವಿಷಯ’ ಅನ್ನಬೇಡಿ. ಅವರು ರಾಜೀನಾಮೆ ಅಂದುಕೊಂಡು ಮೊದಲೇ ಗಟ್ಟಿಯಾಗಿ ಕೂರುತ್ತಾರೆ.

ಒಳಗೆ ಹೋಗಿ ಕೂತ ಮೇಲೆ ಹೀಗೆ ಹೇಳಬಹುದು. ನಿಮ್ಮ ಬಾಯಿಗೆ ಹೊಂದುವ ಹಾಗೆ ತಿದ್ದಿಕೊಳ್ಳಿ:

“ಸರ್, ಹೋದ ತಿಂಗಳು ಫೈಲಿಂಗ್ ತಡ ಆತು. ಪಾರ್ಟಿಯವರು ಪೇಮೆಂಟ್ ಹಿಡದ್ರು, ಅದು ನಿಮ್ಮ ಮ್ಯಾಲೆ ಬಂತು. ನನಗ ಗೊತ್ತೈತಿ. ತಾರೀಖು ಬರ್ಕೊಂಡು ಬಂದೀನಿ, ಒಂದ್ಸಲ ನೋಡ್ರಿ. ಗದಗಿನ ಡೇಟಾ 12ರ ಸಂಜಿ ಬಂದೈತಿ. ಅದಕ್ಕೂ ಮೊದ್ಲ ಎರಡು ಸಲ ಕೇಳಿದ್ದೆ. 10ನೇ ತಾರೀಖು ನಿಮ್ಮನ್ನ ಮತ್ತೊಮ್ಮೆ ಬರದು ಕೇಳಬೇಕಿತ್ತು, ಕೇಳ್ಲಿಲ್ಲ. ಅದು ನನ್ನ ಕಡಿಂದ ಆಗಿದ್ದು. ಮುಂದಿನ ತಿಂಗಳಿಂದ ಎರಡೂ ಬ್ರಾಂಚಿನವರು 6ರೊಳಗ ಡೇಟಾ ಕಳಸಬೇಕಂತ ನೀವು ಒಂದು ಮಾತು ಹೇಳ್ರಿ. ನಾ ಹೇಳಿದ್ರ ಅವರು ಕೇಳಂಗಿಲ್ಲ. 9ಕ್ಕ ಯಾರದು ಬಂದಿಲ್ಲ ಅಂತ ನಿಮಗ ಲಿಸ್ಟ್ ಕೊಡ್ತೇನಿ.”

ಇಲ್ಲಿ ನಿಲ್ಲಿಸಿ. ಅವರು ಮಾತಾಡಲಿ. ಎರಡು ನಿಮಿಷ ಅವರು ಸುಮ್ಮನೆ ಹಾಳೆ ನೋಡಿದರೂ ಆ ಮೌನವನ್ನು ನೀವು ತುಂಬಲು ಹೋಗಬೇಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ಮೌನ ತಡೆಯಲಾರದೆ, “ಇರ್ಲಿ ಬಿಡ್ರಿ ಸರ್, ನನ್ನದ ತಪ್ಪು” ಅಂದುಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಬರೆದ ಹಾಳೆ ಒಂದೇ ಮಾತಿನಲ್ಲಿ ಹೋಯಿತು.

ಅವರು ಸ್ವಲ್ಪ ಸಡಿಲವಾದರೆ ಆಗ ಎರಡನೇ ಮಾತು. “ಇನ್ನೊಂದು ಸರ್. ನನ್ನ ತಪ್ಪಿದ್ರ ಒಳಗ ಕರದು ಎಷ್ಟು ಬೇಕಾದ್ರೂ ಹೇಳ್ರಿ. ಗಿರಾಕಿ, ಹುಡುಗರ ಮುಂದ ಅಂದ್ರ ನಾಳೆ ನಾ ಅವರ ಕಡೆ ಬಿಲ್ ಕೇಳಿದ್ರೂ ಕಿಮ್ಮತ್ತು ಕೊಡಂಗಿಲ್ಲ. ಕೆಲಸ ನಡಿಯಂಗಿಲ್ಲ.” ಗಮನಿಸಿ, ನೋವಾಯಿತು ಅನ್ನುವುದನ್ನು ಇಲ್ಲಿ ಕೆಲಸದ ಜೊತೆ ಕಟ್ಟಿದ್ದೇವೆ. ಇದು ತಂತ್ರ ಅಲ್ಲ, ನಿಜವೂ ಅದೇ. ಅಕೌಂಟ್ಸ್‌ನವರ ಮಾತಿಗೆ ಸೇಲ್ಸ್ ಹುಡುಗರು ಬೆಲೆ ಕೊಡದಿದ್ದರೆ ವಸೂಲಿಯ ಲೆಕ್ಕವೇ ಸರಿಹೋಗುವುದಿಲ್ಲ. ಮಾತಾಡುವಾಗ ಕಣ್ಣೀರು ಬಂದರೆ ಬರಲಿ. ಒಂದು ಗುಟುಕು ನೀರು ಕುಡಿದು ಮುಂದುವರಿಸಿ. ಅದಕ್ಕೆ ಸಾರಿ ಕೇಳಬೇಡಿ.

ಹೊರಗೆ ಬಂದ ಮೇಲೆ ಅವತ್ತೇ ಒಂದು ಮೆಸೇಜ್ ಕಳಿಸಿ. “ಸರ್, ಇವತ್ತು ಮಾತಾಡಿದಂತೆ ಗದಗ, ಹಾವೇರಿ ಡೇಟಾ 6ರೊಳಗೆ. ಬಾಕಿ ಇದ್ದವರ ಲಿಸ್ಟ್ 9ಕ್ಕೆ ನಿಮಗೆ ಕೊಡುತ್ತೇನೆ.” ಬೈದದ್ದರ ಬಗ್ಗೆ ಅದರಲ್ಲಿ ಬರೆಯಬೇಡಿ. ಅದು ಬಾಯಿಮಾತಿನಲ್ಲೇ ಇರಲಿ. ಬರೆದರೆ ಅವರಿಗೆ ಅದು ಆರೋಪಪತ್ರದ ಹಾಗೆ ಕಾಣುತ್ತದೆ, ಮೊದಲ ಸಲಕ್ಕೆ ಅಷ್ಟು ಬೇಡ.

ಅವರು ಸಡಿಲವಾಗದಿದ್ದರೆ? “ನನಗ ಪಾಠ ಹೇಳಾಕ ಬಂದೀರೇನು?” ಅಂದರೆ? “ಇಲ್ರೀ ಸರ್, ಮುಂದಿನ ತಿಂಗಳು ಹಿಂಗ ಆಗಬಾರದು ಅಂತ ಬಂದೀನಿ” ಅಂದು ಎದ್ದು ಬನ್ನಿ. ಹಾಳೆ ಅವರ ಟೇಬಲ್ ಮೇಲೆ ಇರಲಿ. ನೀವು ಹೋದ ಮೇಲೆ ಅವರು ಓದುವ ಸಾಧ್ಯತೆ ನೀವಿದ್ದಾಗಿನಕ್ಕಿಂತ ಜಾಸ್ತಿ.

ಇದರ ಹಿಂದೆ ಇನ್ನೂ ದೊಡ್ಡ ಅಪಾಯ ಒಂದಿದೆ, ನನಗೆ ನಿಮ್ಮ ಬಗ್ಗೆ ಚಿಂತೆ ಇರುವುದು ಅಲ್ಲಿ. ಇನ್‌ಸಿಯಾಡ್ ಬಿಸಿನೆಸ್ ಸ್ಕೂಲಿನ ಮಾಂಜೋನಿ ಮತ್ತು ಬಾರ್ಸೂ ಅನ್ನುವ ಇಬ್ಬರು 1998ರಲ್ಲಿ ಇದನ್ನು ಬಿಡಿಸಿ ಬರೆದರು. ಒಬ್ಬ ಮ್ಯಾನೇಜರ್ ತನ್ನ ಕೈಕೆಳಗಿನವರಲ್ಲಿ ಒಬ್ಬರನ್ನು ‘ಇವರು ಅಷ್ಟಕ್ಕಷ್ಟೇ’ ಅಂತ ತೀರ್ಮಾನಿಸಿಬಿಡುತ್ತಾನೆ. ಆಮೇಲೆ ಅವರ ಪ್ರತಿ ಕೆಲಸ ಕೆದಕುತ್ತಾನೆ. ಆ ನೌಕರರು ಹೆದರಿ ಮಾತು ಕಮ್ಮಿ ಮಾಡುತ್ತಾರೆ, ಸಂಶಯ ಬಂದರೂ ಕೇಳುವುದಿಲ್ಲ, ಎದುರಿಗೆ ಸಿಗದ ಹಾಗೆ ತಪ್ಪಿಸಿಕೊಂಡು ಓಡಾಡುತ್ತಾರೆ. ಕೇಳದೆ ಮಾಡಿದ ಕೆಲಸದಲ್ಲಿ ತಪ್ಪಾಗುತ್ತದೆ. “ನಾ ಹೇಳಿರಲಿಲ್ಲಾ?” ಅಂತ ಮ್ಯಾನೇಜರ್‌ಗೆ ತನ್ನ ತೀರ್ಮಾನವೇ ಸರಿ ಅನ್ನಿಸುತ್ತದೆ. ಹೀಗೆ ಒಳ್ಳೆಯ ಕೆಲಸಗಾರರನ್ನೇ ಕೆಟ್ಟ ಕೆಲಸಗಾರರನ್ನಾಗಿ ಮಾಡುವ ಸುಳಿ ಇದು, ಯಾರೂ ಬೇಕಂತ ಮಾಡದಿದ್ದರೂ ಆಗುತ್ತದೆ.

16ರ ನಂತರ ನೀವು ಮ್ಯಾನೇಜರ್ ಕ್ಯಾಬಿನ್‌ಗೆ ಹೋಗುವುದು ಕಮ್ಮಿ ಆಗಿದೆಯಾ? ಮೊದಲು ಫೋನ್ ಮಾಡಿ ಕೇಳುತ್ತಿದ್ದ ವಿಷಯವನ್ನು ಈಗ ಊಹೆ ಮಾಡಿ ಬರೆಯುತ್ತಿದ್ದೀರಾ? ಹಾಗಿದ್ದರೆ ಇವತ್ತೇ ನಿಲ್ಲಿಸಿ. ಎಷ್ಟು ಬೇಜಾರಿದ್ದರೂ ದಿನಕ್ಕೊಂದು ಸಲ ಕೆಲಸದ ಮಾತಿಗೆ ಅವರ ಹತ್ತಿರ ಹೋಗಿ. ನಮಸ್ಕಾರ ಬಿಡಬೇಡಿ. ಸಂಬಂಧ ಸರಿಹೋಗಲಿ ಅಂತ ಅಷ್ಟೇ ಅಲ್ಲ, ನಿಮ್ಮ ಲೆಕ್ಕ ತಪ್ಪಾಗದಿರಲಿ ಅಂತ.

ಒಂದು ಸಣ್ಣ ಡೈರಿ ಇಟ್ಟುಕೊಳ್ಳಿ, ಮನೆಯಲ್ಲಿ. ಬೈಗುಳ ಬಂದ ದಿನ ತಾರೀಖು, ಯಾವ ಕೆಲಸ, ಏನಂದರು, ಯಾರಿದ್ದರು ಅಂತ ನಾಲ್ಕು ಸಾಲು ಬರೆಯಿರಿ. ಮೂರು ತಿಂಗಳ ನಂತರ ಓದಿದರೆ ಒಂದು ಚಿತ್ರ ಕಾಣುತ್ತದೆ. ಬರೀ 11, 20ರ ಹತ್ತಿರವೇ ಸಿಟ್ಟು ಬರುತ್ತಿದ್ದರೆ ಅದು ಕೆಲಸದ ಒತ್ತಡ. ತಾರೀಖು ಯಾವುದಾದರೂ ನಿಮ್ಮೊಬ್ಬರ ಮೇಲೇ ಬರುತ್ತಿದ್ದರೆ ಅದು ಬೇರೆ. ಎರಡನೆಯದಾದರೆ ಮಾಲೀಕರ ಹತ್ತಿರ ಹೋಗುವ ಮಾತು ಬರುತ್ತದೆ.

ನಮ್ಮ ಕಡೆಯ ವ್ಯಾಪಾರದ ಸಂಸ್ಥೆಗಳಲ್ಲಿ ಎಚ್‌ಆರ್ ಅಂತ ಬೇರೆ ಇರುವುದು ಅಪರೂಪ. ಮ್ಯಾನೇಜರ್ ಅಂದರೆ ಮಾಲೀಕರ ಸೋದರಮಾವ ಇರಬಹುದು, ಇಲ್ಲವೇ ಅವರ ತಂದೆಯ ಕಾಲದಿಂದ ಇರುವ ಹಳೆ ಮನುಷ್ಯ ಇರಬಹುದು. ಅಲ್ಲಿ ಅವರ ಮೇಲೆ ದೂರು ಒಯ್ದರೆ ಮನೆಯವರ ಮೇಲೆ ದೂರು ಒಯ್ದಂತೆ ಆಗುತ್ತದೆ. ಅದಕ್ಕೆ ದೂರು ಅಂತ ಹೋಗಬೇಡಿ. ಮೊದಲು ಮ್ಯಾನೇಜರ್‌ಗೇ ಹೇಳಿ: “ಸರ್, ಬ್ರಾಂಚ್ ಡೇಟಾ ವಿಷಯ ಮಾಲೀಕರ ಮುಂದ ಒಮ್ಮೆ ಮೂರೂ ಜನ ಕುಂತು ಮಾತಾಡೋಣ್ರೀ.” ಬೆನ್ನ ಹಿಂದೆ ಹೋದರು ಅನ್ನುವ ಮಾತು ಬರದಂತೆ ಇದು ಕಾಯುತ್ತದೆ. ಅಲ್ಲಿ ಕೂತಾಗಲೂ ಅದೇ ಹಾಳೆ, ಅದೇ ತಾರೀಖು.

ಪಗಾರ ಹಿಡಿಯುವ ಮಾತಿಗೆ ಬರುತ್ತೇನೆ. ಸಿಟ್ಟಿನಲ್ಲಿ ಅಂದದ್ದು ಇರಬಹುದು, ಆದರೂ ಗೊತ್ತಿರಲಿ. ನೌಕರರ ನಿರ್ಲಕ್ಷ್ಯದಿಂದ ನಷ್ಟವಾಯಿತು ಅಂತ ಪಗಾರದಲ್ಲಿ ಹಿಡಿಯಬೇಕಾದರೆ, ಮೊದಲು ಅವರ ವಿವರಣೆ ಕೇಳಲೇಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದು ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಹಿಡಿಯುವ ಮೊತ್ತ ಆದ ನಷ್ಟಕ್ಕಿಂತ ಜಾಸ್ತಿ ಇರುವಂತಿಲ್ಲ. ಪಾರ್ಟಿ ಪೇಮೆಂಟ್ ತಡ ಮಾಡಿತು ಅನ್ನುವುದು ನಿಮ್ಮ ನಿರ್ಲಕ್ಷ್ಯದಿಂದಾದ ನಷ್ಟ ಅಂತ ತೋರಿಸುವುದು ಅಷ್ಟು ಸುಲಭವಲ್ಲ, ಅದರಲ್ಲೂ ಎರಡು ಮೆಸೇಜ್ ನಿಮ್ಮ ಕೈಯಲ್ಲಿ ಇರುವಾಗ. ನಿಜವಾಗಿಯೂ ಹಿಡಿದರೆ, ಯಾವ ಲೆಕ್ಕದಲ್ಲಿ ಅಂತ ಬರೆದು ಕೇಳಿ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು.

ಲಿಖಿತ ಎಚ್ಚರಿಕೆ ಪತ್ರ ಕೊಟ್ಟರೆ ತಗೊಳ್ಳುವುದಿಲ್ಲ ಅಂತ ಹಟ ಮಾಡಬೇಡಿ. ತಗೊಂಡು, ‘ಪ್ರತಿ ತಲುಪಿದೆ’ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿ. ತಲುಪಿದೆ ಅಂದರೆ ಒಪ್ಪಿದೆ ಅಂತ ಅಲ್ಲ. ಹೇಳಿದ ಗಡುವಿನೊಳಗೆ ಒಂದು ಪುಟದ ಉತ್ತರ ಕೊಡಿ, ನಕಲು ಇಟ್ಟುಕೊಳ್ಳಿ. ಉತ್ತರ ಕೊಡದ ಪತ್ರ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಇನ್ನು ನಾಳೆಯಿಂದ ಬರಬೇಡಿ ಅನ್ನುವ ಬೆದರಿಕೆಗೆ ಹೆದರಬೇಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಪಗಾರ ಕೊಡದೆ ತೆಗೆಯುವಂತಿಲ್ಲ. ದುರ್ವರ್ತನೆ ಅಂತ ನೋಟಿಸ್ ಇಲ್ಲದೆ ತೆಗೆಯಬೇಕಾದರೂ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ನೀವು ನಾಲ್ಕು ವರ್ಷದವರು.

ಇಷ್ಟೆಲ್ಲ ಹೇಳಿದ್ದು ಟೀಕೆಯ ಬಗ್ಗೆ. ಜಾತಿ ಎತ್ತಿ ಆಡುವುದು, ಲೈಂಗಿಕ ಮಾತು, ಮೈ ಮುಟ್ಟುವುದು ಟೀಕೆ ಅಲ್ಲವೇ ಅಲ್ಲ. ಅದಕ್ಕೆ ಹಾಳೆ, ಚಹಾ, ಮಾತುಕತೆ ಬೇಕಿಲ್ಲ. ಲೈಂಗಿಕ ಕಿರುಕುಳವಾದರೆ, 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಕಮ್ಮಿ ಜನ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು. ನಿಮ್ಮ ಪತ್ರದಲ್ಲಿ ಅಂಥದ್ದು ಇಲ್ಲ, ಆದರೆ ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು.

ಮನೆಯ ಮಾತು. ಯಜಮಾನರಿಗೆ ದಿನಾ ರಾತ್ರಿ ಬೈಗುಳದ ವರದಿ ಕೊಡಬೇಡಿ. ಅವರಿಗೆ ನಿಮ್ಮ ಆಫೀಸು ಅಂದರೆ ಆ ಬೈಗುಳ ಮಾತ್ರ ಆಗಿಬಿಡುತ್ತದೆ, ಅದಕ್ಕೇ ಬಿಟ್ಟುಬಿಡು ಅಂತಾರೆ. ನೀವು ಮಾಡಿದ ಹಾಳೆ ತೋರಿಸಿ. ಮುಂದೆ ಏನು ಮಾಡಬೇಕು ಅಂದುಕೊಂಡಿದ್ದೀರಿ ಹೇಳಿ. ಕೆಲವು ವಾರ ಕಳೆದರೂ ನಿದ್ದೆ ಬರದಿದ್ದರೆ, ಬೆಳಿಗ್ಗೆ ಬಸ್ ಹತ್ತುವಾಗಲೇ ಹೊಟ್ಟೆಯಲ್ಲಿ ಸಂಕಟ ಆಗುತ್ತಿದ್ದರೆ, ಅದನ್ನು ತಡೆದುಕೊಳ್ಳುವ ವಿಷಯ ಅಂತ ಬಿಡಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ನಿಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಗೆ, ಕೆಲಸ ಬಿಡಬೇಕಾ? ಈಗಲೇ ಅಲ್ಲ. ಮೂರು ಫೈಲಿಂಗ್ ನೋಡಿ. 6ಕ್ಕೆ ಬ್ರಾಂಚಿನ ಡೇಟಾ ಬರುತ್ತಿದೆಯಾ, ಬರದಾಗ ಮ್ಯಾನೇಜರ್ ಫೋನ್ ಎತ್ತಿ ಗದಗಿಗೆ ಮಾತಾಡುತ್ತಾರಾ, ಸಿಟ್ಟು ಬಂದರೆ ಒಳಗೆ ಕರೆಯುತ್ತಾರಾ. ಈ ಮೂರರಲ್ಲಿ ಒಂದಾದರೂ ಬದಲಾದರೆ ಇನ್ನಷ್ಟು ದಿನ ನೋಡುವುದು ಒಳ್ಳೆಯದು. ಒಂದೂ ಬದಲಾಗದಿದ್ದರೆ ಬೇರೆ ಕಡೆ ಹುಡುಕಿ, ಆದರೆ ಇಲ್ಲಿ ಇದ್ದುಕೊಂಡೇ ಹುಡುಕಿ. ಹುಬ್ಬಳ್ಳಿಯಲ್ಲಿ ಅಕೌಂಟ್ಸ್‌ನವರ ಲೋಕ ಸಣ್ಣದು. ಸಿಎ ಆಫೀಸಿನವರು, ಟ್ಯಾಲಿ ಸರ್ವಿಸ್‌ಗೆ ಬರುವ ಹುಡುಗರು, ಕಂಪನಿ ಸೇಲ್ಸ್‌ನವರು, ಎಲ್ಲರಿಗೂ ಎಲ್ಲ ಅಂಗಡಿಯ ಸುದ್ದಿ ಗೊತ್ತಿರುತ್ತದೆ. ಒಳ್ಳೆಯ ಕೆಲಸಗಾರರು ಬೇಕು ಅನ್ನುವ ಮಾತು ಅವರ ಬಾಯಲ್ಲೇ ಓಡಾಡುತ್ತದೆ, ಸಿಟ್ಟಿನಲ್ಲಿ ಬಿಟ್ಟು ಹೋದರು ಅನ್ನುವ ಮಾತೂ ಹಾಗೆಯೇ. ಹೋಗುವುದು ಅಂತ ತೀರ್ಮಾನವಾದರೆ ನೋಟಿಸ್ ಅವಧಿ ಪೂರ್ತಿ ಮಾಡಿ, ಬಾಕಿ ಕೆಲಸದ ಪಟ್ಟಿ ಬರೆದು ಒಪ್ಪಿಸಿ, ಅದರ ಮೇಲೆ ಸಹಿ ತಗೊಳ್ಳಿ. ಕೊನೆಯ ಮೂರು ತಿಂಗಳ ಪಗಾರ ಚೀಟಿ, ಪಿಎಫ್ ಯುಎಎನ್ ನಂಬರ್, ರಿಲೀವಿಂಗ್ ಲೆಟರ್ ಇಷ್ಟೂ ಕೈಗೆ ಬಂದ ಮೇಲೆ ಹೊರಡಿ.